ಕೆಲಸವೋ, ಮಳೆ ಪುಸ್ತಕವೋ?

ಪ್ರಶ್ನೆ: ನನಗೆ 27 ವರ್ಷ. ಸೋಮವಾರಪೇಟೆ ತಾಲ್ಲೂಕಿನ ಮಾದಾಪುರದ ಹತ್ತಿರ ನಮ್ಮದು ಎಂಟು ಎಕರೆ ಕಾಫಿ ತೋಟ. ಅಪ್ಪ ಸೇನೆಯಿಂದ ನಿವೃತ್ತರಾಗಿ ತೋಟ ನೋಡಿಕೊಳ್ಳುತ್ತಾರೆ. ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಎರಡು ವರ್ಷ ಇದ್ದೆ. ಕೊನೆಕೊನೆಗೆ ಬೆಳಿಗ್ಗೆ ಎದ್ದು ಶೂ ಹಾಕಿಕೊಳ್ಳುವುದೂ ಆಗುತ್ತಿರಲಿಲ್ಲ. ಬಿಟ್ಟು ಬಂದೆ. ಆಮೇಲೆ ಪರೀಕ್ಷೆ ಮಾಡಿಸಿದಾಗ ಆಟಿಸಂ ಎಂದು ಗೊತ್ತಾಯಿತು. ಅಜ್ಜ 1960ರ ದಶಕದಿಂದ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳು ಮನೆಯಲ್ಲಿವೆ. ಅಷ್ಟನ್ನೂ ಕಂಪ್ಯೂಟರಿಗೆ ಏರಿಸಿದ್ದೇನೆ. ಅಜ್ಜ ಖಾಲಿ ಬಿಟ್ಟ ದಿನಗಳಿಗೆ ಸೊನ್ನೆ ತುಂಬದೆ ಬೇರೆ ಬಣ್ಣದಲ್ಲಿ ಗುರುತು ಮಾಡಿದ್ದೇನೆ. ವರ್ಷಕ್ಕೊಂದು ಚಿತ್ರ ಬಿಡಿಸಿ ಪುಸ್ತಕ ಮಾಡುವ ಆಸೆ. ಅಪ್ಪ "ಮೊದಲು ಒಂದು ಕೆಲಸ ಹಿಡಿ, ಮಳೆ ಎಲ್ಲೂ ಓಡಿ ಹೋಗೋದಿಲ್ಲ" ಅನ್ನುತ್ತಾರೆ. ಮೈಸೂರಿನಲ್ಲಿರುವ ಅಕ್ಕ ವಿಕಲಚೇತನರ ಮೀಸಲಾತಿಯಲ್ಲಿ ಬ್ಯಾಂಕ್ ಪರೀಕ್ಷೆ ಬರಿ ಅನ್ನುತ್ತಾಳೆ. ಐದು ವರ್ಷ ಬಿಟ್ಟು ಏನಾಗಿರ್ತೀಯ ಅಂತ ಯಾರಾದರೂ ಕೇಳಿದರೆ ತಲೆ ಖಾಲಿಯಾಗುತ್ತದೆ. ಅಪ್ಪ ಅಮ್ಮ ಇಲ್ಲದ ಕಾಲಕ್ಕೆ ನನ್ನ ಕಥೆ ಏನು ಎಂಬ ಚಿಂತೆಯೂ ಇದೆ. ಕೆಲಸ ಹುಡುಕಲೋ, ಪುಸ್ತಕ ಮುಗಿಸಲೋ?

ಉತ್ತರ: ಐದು ವರ್ಷದ ಪ್ರಶ್ನೆಗೆ ತಲೆ ಖಾಲಿಯಾಗುವುದನ್ನು ನಿಮ್ಮ ಕುಂದು ಎಂಬಂತೆ ಬರೆದಿದ್ದೀರಿ. ನನ್ನ ಹತ್ತಿರ ಬರುವ ಆಟಿಸಂ ಇರುವ ದೊಡ್ಡವರಲ್ಲಿ ಹೆಚ್ಚಿನವರು ಇದೇ ಮಾತು ಹೇಳುತ್ತಾರೆ. ಆ ಪ್ರಶ್ನೆಗೆ ತಲೆಬುಡವಿಲ್ಲ. ಉಳಿದವರಿಗೂ ಉತ್ತರ ಗೊತ್ತಿರುವುದಿಲ್ಲ. ಕೇಳಿದವರಿಗೆ ಸಮಾಧಾನವಾಗುವಂಥ ಏನೋ ಒಂದು ಹೇಳಿ ದಾಟಿಕೊಳ್ಳುತ್ತಾರೆ. ನೀವು ನಿಜವಾದ ಉತ್ತರ ಹುಡುಕಲು ಹೋಗಿ ಸಿಕ್ಕಿಕೊಳ್ಳುತ್ತೀರಿ, ಅಷ್ಟೇ ವ್ಯತ್ಯಾಸ.

ಆ ಪ್ರಶ್ನೆಯನ್ನು ಬಿಟ್ಟು ಹೀಗೆ ಕೇಳಿಕೊಳ್ಳಿ. ಮುಂದಿನ ವರ್ಷ ಜೂನ್‌ನಲ್ಲಿ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಎಲ್ಲಿ ಕೂತಿದ್ದೀರಿ? ಕೋಣೆಯಲ್ಲಿ ಇನ್ನೆಷ್ಟು ಜನ ಇದ್ದಾರೆ? ಯಾವ ಸದ್ದು ಕೇಳಿಸುತ್ತಿದೆ? ಮೇಜಿನ ಮೇಲೆ ಏನಿದೆ? ಊಟ ಎಲ್ಲಿ, ಯಾರ ಜೊತೆ? ಮನೆಗೆ ಬರುವಾಗ ಮಾತಾಡಲು ಶಕ್ತಿ ಉಳಿದಿದೆಯೋ ಇಲ್ಲವೋ? ಹುದ್ದೆಯ ಹೆಸರು ಆಮೇಲೆ ಬರಲಿ. ಇಂಥ ಒಂದು ದಿನವನ್ನು ಕೂತು ಬರೆಯಿರಿ, ಒಂದು ಪುಟ ಸಾಕು. ನೀವು ಅಕ್ಷರದಲ್ಲಿ ಎಷ್ಟು ಸ್ಪಷ್ಟ ಎನ್ನುವುದು ಪತ್ರದಲ್ಲೇ ಕಾಣುತ್ತದೆ.

ಇನ್ನು ಕೆಲಸವೋ ಪುಸ್ತಕವೋ ಎಂಬ ಪ್ರಶ್ನೆ. ಇವೆರಡನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿ ಇಟ್ಟದ್ದೇ ಸರಿಯಿಲ್ಲ ಅನ್ನಿಸುತ್ತದೆ ನನಗೆ. ನಿಮಗೆ ಎಂಥ ಕೆಲಸ ಹೊಂದುತ್ತದೆ ಎಂಬುದಕ್ಕೆ ಈಗ ಇರುವ ಅತಿ ಒಳ್ಳೆಯ ಸಾಕ್ಷಿ ಆ ಮಳೆ ಪುಸ್ತಕವೇ. ಬಯೋಡೇಟಾ ಬದಲು ಅದನ್ನು ಓದಿ ನೋಡೋಣ.

ಖಾಲಿ ದಿನಗಳ ವಿಷಯವನ್ನೇ ತೆಗೆದುಕೊಳ್ಳಿ. ಮಳೆ ಬಾರದ ದಿನ ಬೇರೆ, ಅಳೆಯದ ದಿನ ಬೇರೆ. ಅಜ್ಜ ಯಾವುದೋ ಮದುವೆಗೆಂದು ಎರಡು ದಿನ ಊರಲ್ಲಿರಲಿಲ್ಲ ಅಂದುಕೊಳ್ಳಿ. ಪಟ್ಟಿಯ ಆ ಎರಡು ಖಾಲಿ ಮನೆಗಳಿಗೆ ಸೊನ್ನೆ ತುಂಬಿದರೆ ತಿಂಗಳ ಮೊತ್ತ ಇಳಿಯುತ್ತದೆ, ಸರಾಸರಿ ಕೆಡುತ್ತದೆ, ನೋಡಿದವರಿಗೆ ತಪ್ಪು ಆಗಿದೆ ಅಂತಲೇ ಗೊತ್ತಾಗುವುದಿಲ್ಲ. ಸಂಬಳ ಎಣಿಸಿಕೊಂಡು ಅಂಕಿಅಂಶ ತುಂಬುವ ಎಷ್ಟೋ ಮಂದಿ ಇದನ್ನು ಕಣ್ಣುಮುಚ್ಚಿ ಮಾಡುತ್ತಾರೆ. ನಿಮಗೆ ಯಾರೂ ಹೇಳಿಕೊಡದೆ ಹೊಳೆದಿದೆ. ಜೊತೆಗೆ ಈ ಕೆಲಸದ ಒಳಗೆ ಏನೇನಿದೆ ಗಮನಿಸಿ: ಗೊತ್ತಾದ ಒಂದು ಹೊತ್ತು, ಗೊತ್ತಾದ ಒಂದು ಅಳತೆ, ತಪ್ಪಿದರೆ ಎಲ್ಲಿ ತಪ್ಪಿತು ಅಂತ ಹಿಂದೆ ಹೋಗಿ ನೋಡುವ ಅವಕಾಶ, ನಡುವೆ ಬಂದು ಹೆಗಲು ತಟ್ಟುವವರಿಲ್ಲ, ಯಾರ ಮುಖ ನೋಡಿ ಮನಸ್ಸು ಊಹಿಸಬೇಕಾಗಿಯೂ ಇಲ್ಲ. ಇಷ್ಟಿದ್ದಾಗ ನೀವು ದಶಕಗಳ ಲೆಕ್ಕವನ್ನು ಬೇಸರವಿಲ್ಲದೆ ಏರಿಸಿದ್ದೀರಿ.

ಬೆಂಗಳೂರಿನಲ್ಲೂ ನೀವು ಮಾಡುತ್ತಿದ್ದದ್ದು ಲೆಕ್ಕವೇ. ಅಲ್ಲಿ ಕೈಕೊಟ್ಟದ್ದು ಲೆಕ್ಕ ಅಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಗೋಡೆಯಿಲ್ಲದ ಹಾಲ್, ತಲೆಯ ಮೇಲೆ ಬಿಳಿ ಟ್ಯೂಬ್‌ಲೈಟ್, ಹಿಂದಿನಿಂದ ಬರುವ ಮಾತು, "ಐದೇ ನಿಮಿಷ" ಅನ್ನುವ ಮೀಟಿಂಗು, ಸಂಜೆ ಆರಕ್ಕೆ ಬದಲಾಗುವ ಆದ್ಯತೆ, ಇಷ್ಟರ ಮೇಲೆ ದಿನವಿಡೀ ಸಹಜವಾಗಿ ಇದ್ದೇನೆ ಎಂದು ತೋರಿಸಿಕೊಳ್ಳುವ ಶ್ರಮ. ಶೂ ಹಾಕಿಕೊಳ್ಳಲು ಆಗದ ಹಂತಕ್ಕೆ ಬಂದಿರಿ ಅಂದರೆ ಅದು ಸೋಮಾರಿತನ ಅಲ್ಲವೇ ಅಲ್ಲ. ಡೋರಾ ರೇಮೇಕರ್ ಮತ್ತು ಸಂಗಡಿಗರು ಆಟಿಸಂ ಇರುವ ದೊಡ್ಡವರನ್ನೇ ಮಾತಾಡಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ, ಆಟಿಸಂ ಇರುವವರೇ 'ಆಟಿಸ್ಟಿಕ್ ಬರ್ನ್‌ಔಟ್' ಎಂದು ಕರೆಯುತ್ತಿದ್ದ ಈ ಸ್ಥಿತಿಯ ಲಕ್ಷಣಗಳನ್ನು ವಿವರಿಸಿತು: ತಿಂಗಳುಗಟ್ಟಲೆ ಹೋಗದ ಸುಸ್ತು, ಮೊದಲು ಸಲೀಸಾಗಿ ಮಾಡುತ್ತಿದ್ದುದೂ ಆಗದಿರುವುದು, ಸದ್ದು ಬೆಳಕು ಮೊದಲಿಗಿಂತ ಹೆಚ್ಚು ಚುಚ್ಚುವುದು. ಇದಕ್ಕೆ ಮದ್ದು ಎರಡು ದಿನದ ರಜೆಯಲ್ಲ. ಮೇಲೆ ಬೀಳುವ ಹೊರೆಯನ್ನೇ ಇಳಿಸಬೇಕು. ಹೊರೆ ಹಾಗೇ ಇಟ್ಟು ಇನ್ನೊಂದು ಕಚೇರಿಗೆ ಸೇರಿದರೆ ಎರಡೇ ವರ್ಷಕ್ಕೆ ಇದೇ ಪತ್ರವನ್ನು ಮತ್ತೆ ಬರೆಯುತ್ತೀರಿ.

ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಇನ್ನೊಂದು ಮಾತು ಹೇಳಿದರು. ಅರ್ಥವಾಗದಿರುವುದು ಒಂದು ಕಡೆಯ ದೋಷವಲ್ಲ. ನಮಗೆ ನಿಮ್ಮ ಮನಸ್ಸು ತಿಳಿಯದಿದ್ದರೆ ನಿಮಗೂ ನಮ್ಮದು ತಿಳಿದಿಲ್ಲ ಎಂದು. ಬೆಂಗಳೂರಿನ ನಿಮ್ಮ ಮ್ಯಾನೇಜರಿಗೂ ನೀವು ಅರ್ಥವಾಗಿರಲಾರಿರಿ. ಎಲ್ಲ ತಪ್ಪನ್ನೂ ನಿಮ್ಮ ಖಾತೆಗೇ ಬರೆದುಕೊಳ್ಳಬೇಡಿ.

ಈಗ ಊರಲ್ಲೇ ಏನಿದೆ ನೋಡೋಣ. ಕೊಡಗಿನಲ್ಲಿ ಕೆಲಸ ಅಂದರೆ ತೋಟ, ಹೋಂಸ್ಟೇ, ಇಲ್ಲವೇ ಊರು ಬಿಡುವುದು ಅಂತ ಒಂದು ಮಾತಿದೆ. ಪೂರ್ತಿ ಸುಳ್ಳಲ್ಲ. ಆದರೆ ಈ ಮೂರರ ಒಳಗೇ ನಿಮ್ಮ ಅಳತೆಯ ಮೂಲೆಗಳಿವೆ.

ನನಗೆ ಮೊದಲು ಹೊಳೆದದ್ದು ಕಾಫಿ ಕ್ಯೂರಿಂಗ್ ವರ್ಕ್ಸ್, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಇವು ಸಾಲಾಗಿವೆ, ಮಾದಾಪುರದಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ರೊಬಸ್ಟಾ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಬಂದಾಗ ಸ್ಯಾಂಪಲ್ ತೆಗೆದು, ತೇವಾಂಶ ನೋಡಿ, ಸಿಪ್ಪೆ ಬಿಡಿಸಿ, ತೂಗಿ, ಔಟ್‌ಟರ್ನ್ ಬರೆಯುವವರು ಒಬ್ಬರು ಇರುತ್ತಾರೆ. 50 ಕಿಲೋ ಚೆರಿ ಮೂಟೆಯಲ್ಲಿ ಎಷ್ಟು ಕಿಲೋ ಬೀಜ ಸಿಗುತ್ತದೆ ಅನ್ನುವ ಆ ಲೆಕ್ಕದ ಮೇಲೆ ಬೆಳೆಗಾರನ ಕೈಗೆ ಬರುವ ದುಡ್ಡು ನಿಂತಿದೆ. ಅಪ್ಪನನ್ನು ಕೇಳಿ, ಅರ್ಧ ಕಿಲೋ ಆಚೀಚೆಯಾದರೆ ಎಷ್ಟು ಜಗಳ ನಡೆಯುತ್ತದೆ ಅಂತ ಹೇಳುತ್ತಾರೆ. ಆಮೇಲೆ ಜಾಲರಿಯಲ್ಲಿ ಗಾತ್ರ ನೋಡಿ ಎಎ, ಎ, ಬಿ, ಪೀಬೆರಿ ಅಂತ ಬೇರ್ಪಡಿಸುವುದು, ಗಾರ್ಬ್ಲಿಂಗ್‌ನಲ್ಲಿ ಕಪ್ಪು ಬೀಜ, ಒಡಕು ಬೀಜ ಆರಿಸುವುದು, ಪ್ರತಿ ಲಾಟಿಗೂ ದಾಖಲೆ ಇಡುವುದು. ಖಾಲಿಗೂ ಸೊನ್ನೆಗೂ ವ್ಯತ್ಯಾಸ ಬಲ್ಲವರು ಕೂರಬೇಕಾದ ಕುರ್ಚಿ ಅದು. ತೊಂದರೆಯನ್ನೂ ಹೇಳಬೇಕು: ಸಿಪ್ಪೆ ಬಿಡಿಸುವ ಹಲ್ಲರ್ ಯಂತ್ರ ಓಡುವಾಗ ಸದ್ದು ಕಿವಿ ತುಂಬುತ್ತದೆ, ದೂಳೂ ಇರುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಲಾರಿಗಳ ಗಲಾಟೆ. ಲ್ಯಾಬ್ ಕೋಣೆ ಯಂತ್ರದಿಂದ ದೂರವಿದೆಯೇ, ಬಾಗಿಲು ಮುಚ್ಚುತ್ತದೆಯೇ ಎಂದು ಹೋಗಿ ನೋಡಿ ಬನ್ನಿ. ಸಂಬಳ ಕೇಳುವ ಮೊದಲು ಬಾಗಿಲು ಕೇಳಿ ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಎರಡನೆಯದು ದೊಡ್ಡ ತೋಟಗಳ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಕೂಲಿಯ ಪುಸ್ತಕ. ಅದನ್ನು ಬರೆಯುವವರು ತೋಟದ ರೈಟರ್. ರೈಟರ್ ಕೆಲಸ ಅಂದರೆ ಎರಡು ಕೆಲಸ ಸೇರಿದ್ದು. ಬೆಳಿಗ್ಗೆ ಆಳುಗಳನ್ನು ಸೇರಿಸಿ, ಯಾರು ಯಾವ ಬ್ಲಾಕಿಗೆ ಅಂತ ಕೂಗಿ ಹೇಳಿ, ಬರದಿದ್ದವರ ನೆಪ ಕೇಳಿ, ಜಗಳ ಬಿಡಿಸುವುದು ಒಂದು. ಹಾಜರಿ, ಕೂಲಿ, ಕೊಯ್ಲಿನ ಕಿಲೋ ಲೆಕ್ಕ, ಮುಂಗಡ ಕಡಿತ ಎಲ್ಲವನ್ನೂ ತಪ್ಪಿಲ್ಲದೆ ಬರೆದು ವಾರದ ಬಟವಾಡೆ ಪಟ್ಟಿ ಮಾಡುವುದು ಇನ್ನೊಂದು. ಮೊದಲನೆಯದು ನಿಮ್ಮನ್ನು ಒಂದೇ ಸೀಸನ್ನಿನಲ್ಲಿ ಮಲಗಿಸುತ್ತದೆ. ಎರಡನೆಯದನ್ನು ನೀವು ಮೂರು ತೋಟಕ್ಕೆ ಒಟ್ಟಿಗೆ ಮಾಡಬಲ್ಲಿರಿ. ಯಾರೂ ಇವನ್ನು ಬೇರೆ ಮಾಡಿ ಜಾಹೀರಾತು ಕೊಡುವುದಿಲ್ಲ, ನೀವೇ ಬೇರೆ ಮಾಡಿ ಕೇಳಬೇಕು.

ಮೂರನೆಯದು ಮನೆಯಿಂದಲೇ ಮಾಡುವ ಟ್ಯಾಲಿ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕಪತ್ರ ಬರೆಯುವುದು. ಜಿಎಸ್‌ಟಿ ನೋಂದಣಿ ಇರುವ ಕಾಫಿ ಕರಿಮೆಣಸಿನ ವ್ಯಾಪಾರಿಗಳು, ದೊಡ್ಡ ಹೋಂಸ್ಟೇಗಳು ಪ್ರತಿ ತಿಂಗಳೂ ಬಿಲ್ಲುಗಳನ್ನು ಡಬ್ಬದಲ್ಲಿ ತುಂಬಿ ಕೊನೇ ಗಳಿಗೆಯಲ್ಲಿ ಓಡಾಡುವುದನ್ನು ಕಂಡಿದ್ದೀರಿ. ತಿಂಗಳ ರಿಟರ್ನ್ ಸಲ್ಲಿಸುವವರಿಗೆ 11ನೇ ತಾರೀಕು ಒಂದು, 20ನೇ ತಾರೀಕು ಇನ್ನೊಂದು. ತಾರೀಕು ಗೊತ್ತಿರುವ ಕೆಲಸ ನಿಮಗೆ ಹಿಡಿಸುತ್ತದೆ ಅಂದುಕೊಳ್ಳುತ್ತೇನೆ. ಗಿರಾಕಿಗಳೊಂದಿಗೆ ಮಾತು ವಾಟ್ಸ್‌ಆ್ಯಪ್‌ನಲ್ಲೇ, ಬರಹದಲ್ಲೇ ಎಂದು ಮೊದಲೇ ಹೇಳಿಬಿಡಿ. ಇಬ್ಬರಿಂದ ಶುರುಮಾಡಿ, ಆರು ತಿಂಗಳು ಇಬ್ಬರೇ ಇರಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಏನು ಮಾಡುತ್ತೀರಿ ಎಂಬುದೂ ಯೋಜನೆಯ ಭಾಗ. ಮಾದಾಪುರದವರಿಗೆ ನಾನು ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೋಂಸ್ಟೇ ಮುಂಬಾಗಿಲ ಕೆಲಸ, ಅಂದರೆ ಅತಿಥಿಗಳನ್ನು ನಗುತ್ತ ಬರಮಾಡಿಕೊಂಡು ರಾತ್ರಿ ಬೆಂಕಿಯ ಸುತ್ತ ಕೂತು ಹರಟುವುದು, ಅದನ್ನು ಯಾರಾದರೂ ಸೂಚಿಸಿದರೆ ನಯವಾಗಿ ಬೇಡ ಅನ್ನಿ.

ಅಕ್ಕನ ಮಾತಿಗೂ ತೂಕವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ, ಆಟಿಸಂ ಅದರಲ್ಲಿ ಸೇರಿದೆ. ಸರ್ಕಾರಿ ಉದ್ಯೋಗದಲ್ಲಿ ಶೇ 4 ಮೀಸಲಾತಿ. ಅದರೊಳಗೆ ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ ಹಾಗೂ ಬಹುವಿಧ ಅಂಗವೈಕಲ್ಯ ಎಲ್ಲಕ್ಕೂ ಸೇರಿ ಶೇ 1. ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ 40 ಅಥವಾ ಹೆಚ್ಚು ಇರಬೇಕು. ಆ ಹುದ್ದೆ ಆಟಿಸಂ ಇರುವವರಿಗೆ ಎಂದು ಗುರುತಿಸಿದ ಪಟ್ಟಿಯಲ್ಲಿಯೂ ಇರಬೇಕು. ಅರ್ಜಿ ಹಾಕುವ ಮುನ್ನ ಪ್ರಕಟಣೆಯಲ್ಲಿ ಇದನ್ನು ಹುಡುಕಿ ಓದಿ.

ಪ್ರಮಾಣಪತ್ರಕ್ಕೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿ) ಅರ್ಜಿ ಹಾಕಿ, ಕರೆದಾಗ ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಫಾರಂ ತುಂಬಲು ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ನೆರವಾಗುತ್ತಾರೆ. ಆಟಿಸಂ ಎಷ್ಟಿದೆ ಎಂದು ಅಳೆಯುವ ಭಾರತೀಯ ಮಾನಕದ ಹೆಸರು ಐಎಸ್‌ಎಎ. 40 ಅಂಶಗಳು, ಪ್ರತಿಯೊಂದಕ್ಕೂ 1ರಿಂದ 5 ಅಂಕ, ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ ಎಂದೇ ಲೆಕ್ಕ. ಇಲ್ಲಿ ನಿಮ್ಮಂಥವರಿಗೆ ಒಂದು ಎಡವಟ್ಟು ಆಗುತ್ತದೆ. ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು ಅಭ್ಯಾಸವಾದವರು ಆ ಅರ್ಧ ಗಂಟೆ ಕಣ್ಣಿಗೆ ಕಣ್ಣು ಕೊಟ್ಟು, ಮರ್ಯಾದೆಯಿಂದ ಮಾತಾಡಿ, ಮನೆಗೆ ಬಂದು ಎರಡು ದಿನ ಹಾಸಿಗೆ ಹಿಡಿಯುತ್ತಾರೆ. ಮಂಡಳಿ ನೋಡಿದ್ದು ಆ ಅರ್ಧ ಗಂಟೆ ಮಾತ್ರ. ಅದಕ್ಕೇ ಅಮ್ಮನನ್ನು ಕರೆದುಕೊಂಡು ಹೋಗಿ. ಚಿಕ್ಕಂದಿನಲ್ಲಿ ಹೇಗಿದ್ದಿರಿ ಎಂಬುದನ್ನು ಅವರಿಂದ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಬೆಂಗಳೂರಿನ ಕೊನೆಯ ತಿಂಗಳುಗಳು ಹೇಗಿದ್ದವು ಎಂಬುದಕ್ಕೂ ಒಂದು ಹಾಳೆ ಇರಲಿ. ಅಲ್ಲಿ ಚೆನ್ನಾಗಿ ಕಾಣಿಸಿಕೊಳ್ಳುವ ಅಗತ್ಯವಿಲ್ಲ. ನಾಟಕವೂ ಬೇಡ, ಮುಚ್ಚುವುದೂ ಬೇಡ.

ಪ್ರಮಾಣಪತ್ರ ಮಾಡಿಸಿಕೊಳ್ಳಿ, ಬ್ಯಾಂಕ್ ಪರೀಕ್ಷೆಯನ್ನೂ ಬರೆಯಿರಿ. ಆದರೆ ಅದೊಂದನ್ನೇ ನೆಚ್ಚಿ ಮೂರು ವರ್ಷ ಕೋಚಿಂಗ್ ಅಂತ ಕೂರುವುದು ನನಗೆ ಒಪ್ಪಿಗೆಯಿಲ್ಲ. ಬ್ಯಾಂಕಿನ ಕೌಂಟರ್ ಅಂದರೆ ಮತ್ತೆ ಜನ, ಸದ್ದು, ಜೊತೆಗೆ ವರ್ಗಾವಣೆ. ಸಿಕ್ಕಿದರೆ ಹಿಂಬದಿಯ ಕೆಲಸ ಕೇಳುವ ಹಕ್ಕು ಇದೆ: ಸರ್ಕಾರಿ ಸಂಸ್ಥೆಗಳು ವಿಕಲಚೇತನ ನೌಕರರಿಗೆ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕೆಂದು ಅದೇ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಹಕ್ಕಿದೆ ಎಂದ ಮಾತ್ರಕ್ಕೆ ಕುರ್ಚಿ ತಾನಾಗಿ ಒಳಕೋಣೆಗೆ ಸರಿಯುವುದಿಲ್ಲ, ಲಿಖಿತವಾಗಿ ಕೇಳಬೇಕು.

ಮಾಲೀಕರಿಗೆ ಆಟಿಸಂ ವಿಷಯ ಹೇಳಬೇಕೇ? ಪತ್ರದಲ್ಲಿ ನೀವು ಇದನ್ನು ಕೇಳಿಲ್ಲ, ಆದರೆ ಮೊದಲ ಬಾಗಿಲಲ್ಲೇ ಎದುರಾಗುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಹೇಳಿದರೆ ಅನುಕೂಲ. ಜರ್ಮನಿಯ ಎಸ್‌ಎಪಿ ಕಂಪನಿ 2013ರಲ್ಲಿ ಆಟಿಸಂ ಇರುವವರನ್ನು ನೇಮಿಸುವ ಕಾರ್ಯಕ್ರಮ ಘೋಷಿಸಿತು, ಅದಕ್ಕೆ ಮೊದಲಿನ ಪ್ರಯೋಗ ನಡೆದದ್ದು ಬೆಂಗಳೂರಿನಲ್ಲೇ. ಅದಕ್ಕೆ ಜೊತೆಯಾದ ಡೆನ್ಮಾರ್ಕ್‌ನ ಸ್ಪೆಷಲಿಸ್ಟರ್ನ್ ಸಂಸ್ಥೆ ಸಂದರ್ಶನದ ಮಾತುಗಾರಿಕೆ ನೆಚ್ಚದೆ ಕೆಲಸ ಮಾಡಿಸಿ ನೋಡುವ ಪದ್ಧತಿ ತಂದಿತ್ತು. ಆ ಪದ್ಧತಿಯನ್ನು ಕೂಡ್ಲೂರಿಗೂ ತರಬಹುದು. ಸಣ್ಣ ಮಾಲೀಕರ ಹತ್ತಿರ ರೋಗದ ಹೆಸರಿನಂತೆ ಕೇಳಿಸುವ ಪದ ಮೊದಲೇ ಬೇಡ, ಬೇಕಾದ್ದನ್ನು ಹೇಳಿ: "ಸಾರ್, ನನಗೆ ಸಂದರ್ಶನದಲ್ಲಿ ಮಾತು ಸರಿಯಾಗಿ ಬರೋದಿಲ್ಲ. ಒಂದು ವಾರ ಕೆಲಸ ಮಾಡಿ ತೋರಿಸ್ತೇನೆ. ಏನು ಮಾಡಬೇಕು ಅಂತ ಬರೆದು ಕೊಟ್ಟರೆ ತಪ್ಪಿಲ್ಲದೆ ಮಾಡ್ತೇನೆ. ಸದ್ದು ಜಾಸ್ತಿ ಇದ್ದರೆ ಇಯರ್‌ಮಫ್ ಹಾಕಿಕೊಳ್ತೇನೆ." ಇದನ್ನು ಕಾಗದದಲ್ಲಿ ಬರೆದು ಕೊಟ್ಟರೂ ನಡೆಯುತ್ತದೆ. ಹೆಸರು ಹೇಳುವ ಹೊತ್ತು ತಾನಾಗಿ ಬರುತ್ತದೆ, ನಂಬಿಕೆ ಬಂದ ಮೇಲೆ.

ಪುಸ್ತಕಕ್ಕೆ ಬರೋಣ. ನನಗೆ ಇದರ ಮೇಲೆ ಆಸೆ ಹುಟ್ಟಿದೆ ಎಂದು ಮುಚ್ಚಿಡುವುದಿಲ್ಲ. ಮಳೆಗಾಲ ಶುರುವಾದರೆ ಹಾರಂಗಿ ಜಲಾಶಯ ಎಷ್ಟು ಅಡಿ ತುಂಬಿತು, ಭರ್ತಿ ಮಟ್ಟವಾದ 2,859ಕ್ಕೆ ಇನ್ನೆಷ್ಟು ಬಾಕಿ ಅಂತ ಬಸ್ಸಿನಲ್ಲೂ ಮಾತಾಡುವ ಜಿಲ್ಲೆ ನಮ್ಮದು. ಪಕ್ಕದ ತೋಟದವರು ಸಿಕ್ಕಿದರೆ ಕ್ಷೇಮ ಕೇಳುವ ಮೊದಲೇ "ನಿಮ್ಮಲ್ಲಿ ಎಷ್ಟು ಸೆಂಟ್?" ಅನ್ನುತ್ತಾರೆ; ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಪಾಲು ಮಳೆ. ಹಾಗಾಗಿ ಓದುಗರಿಲ್ಲ ಎಂಬ ಭಯ ಬೇಡ. ನಿಮಗಿರುವ ಅಪಾಯ ಬೇರೆ: ಮುಗಿಯದೇ ಇರುವುದು. ಅಷ್ಟೂ ವರ್ಷ ಒಂದೂ ತಪ್ಪಿಲ್ಲದೆ, ಅಷ್ಟೂ ಚಿತ್ರ ಒಂದೇ ಹದದಲ್ಲಿ ಬಂದ ಮೇಲೆಯೇ ತೋರಿಸುತ್ತೇನೆ ಅಂತ ಕೂತರೆ ಅದು ಡ್ರಾಯರಿನಲ್ಲೇ ಉಳಿಯುತ್ತದೆ.

ಮೊದಲು ಒಂದೇ ವರ್ಷ ತೆಗೆದುಕೊಳ್ಳಿ. ಎಲ್ಲರೂ 2018 ಕೇಳುತ್ತಾರೆ, ಆ ಆಗಸ್ಟ್ ತಿಂಗಳ ಗುಡ್ಡ ಕುಸಿತವನ್ನು ನಿಮ್ಮ ಕಡೆಯವರು ಮರೆತಿಲ್ಲ. ಅದನ್ನೇ ಮೊದಲು ಮಾಡಬೇಡಿ. ಅಂಕಿಯ ಜೊತೆ ನೋವೂ ಬರುತ್ತದೆ, ಮೊದಲ ಚಿತ್ರಕ್ಕೆ ಅದು ಭಾರ. ಏನೂ ಆಗದ ಒಂದು ಸಾಧಾರಣ ವರ್ಷ ಆರಿಸಿ. ಹನ್ನೆರಡು ತಿಂಗಳಿಗೆ ಹನ್ನೆರಡು ಪುಟ. ಅಂಗಡಿಯಲ್ಲಿ ಹತ್ತು ಪ್ರತಿ ಜೆರಾಕ್ಸ್ ಮಾಡಿಸಿ ಅಕ್ಕಪಕ್ಕದ ತೋಟದವರಿಗೆ ಕೊಡಿ. ಅವರು ಎಲ್ಲಿ ಬೆರಳಿಟ್ಟು ಮಾತಾಡುತ್ತಾರೆ ನೋಡಿ. ನನ್ನ ಅಂದಾಜು, ಜೂನ್ ಜುಲೈ ಪುಟಗಳನ್ನು ಸರಸರ ತಿರುವಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನಿಲ್ಲುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಯಾವ ತಾರೀಕು, ಒಂದು ಇಂಚು ದಾಟಿತೇ, ಮತ್ತೆ ಹಿಂದಿನಿಂದ ಕಾಯಿ ಕಚ್ಚಲು ಬೇಕಾದ ಆಸರೆ ಮಳೆ ಬಂತೇ, ಬೆಳೆಗಾರರಿಗೆ ಬೇಕಾದದ್ದು ಅದು. ಅಜ್ಜ ಅಂಚಿನಲ್ಲಿ "ಹೂ ಬಿಟ್ಟಿತು" ಅಂತೇನಾದರೂ ಗೀಚಿದ್ದರೆ ಅದನ್ನೂ ಏರಿಸಿ. ಮಳೆಯ ತಾರೀಕಿಗೂ ಹೂವಿನ ತಾರೀಕಿಗೂ ನಡುವಿನ ದಿನಗಳನ್ನು ಇಷ್ಟು ವರ್ಷ ಒಂದೇ ತೋಟದಲ್ಲಿ ಬರೆದಿಟ್ಟವರು ಕಡಿಮೆ.

ಲೆಕ್ಕದ ಬಗ್ಗೆ ಒಂದೆರಡು ಮಾತು, ನೀವು ಆಗಲೇ ಯೋಚಿಸಿರಬಹುದು. ಇಂಚು ಸೆಂಟಿನ ಪಕ್ಕದಲ್ಲಿ ಮಿಲಿಮೀಟರ್ ಕೂಡ ಇರಲಿ; ನೂರು ಸೆಂಟ್ ಅಂದರೆ 25.4 ಮಿ.ಮೀ. ಹವಾಮಾನ ಇಲಾಖೆ ದಿನದ ಮಳೆ ಅಳೆಯುವುದು ಬೆಳಿಗ್ಗೆ 8.30ಕ್ಕೆ, ಅಜ್ಜ ಎಷ್ಟು ಗಂಟೆಗೆ ಅಳೆಯುತ್ತಿದ್ದರು ಎಂದು ಅಪ್ಪನನ್ನು ಕೇಳಿ ಬರೆದಿಡಿ. ಮಳೆಮಾಪಕ ಅಂಗಳದಲ್ಲಿ ಯಾವಾಗಲೂ ಒಂದೇ ಕಡೆ ಇತ್ತೇ, ನಡುವೆ ಜಾಗ ಬದಲಾಯಿತೇ, ಪಕ್ಕದ ಸಿಲ್ವರ್ ಓಕ್ ಯಾವಾಗ ಎತ್ತರವಾಯಿತು ಎಂಬುದೂ ಬೇಕು. ಮೂಲ ಪುಸ್ತಕಗಳ ಪ್ರತಿ ಪುಟಕ್ಕೂ ಫೋಟೊ ತೆಗೆದು ಎರಡು ಕಡೆ ಉಳಿಸಿ. ನಮ್ಮ ಹವೆಯಲ್ಲಿ ಕಾಗದ ಬೂಸಲು ಹಿಡಿಯಲು ಒಂದು ಮಳೆಗಾಲ ಸಾಕು.

ಪುಸ್ತಕದ ತಲೆಯ ಮೇಲೆ ಸಂಸಾರದ ಖರ್ಚು ಹೊರಿಸಬೇಡಿ ಎಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಇಷ್ಟದ ಕೆಲಸವನ್ನೇ ಹೊಟ್ಟೆಪಾಡು ಮಾಡಿಕೊಳ್ಳಿ ಎಂದು ಈಗ ಎಲ್ಲರೂ ಉಪದೇಶ ಮಾಡುತ್ತಾರೆ. ಆಟಿಸಂ ಇರುವವರಲ್ಲಿ ಆಳವಾದ ಆಸಕ್ತಿ ಎಂಬುದು ದಣಿವು ಕಳೆಯುವ ಜಾಗವೂ ಹೌದು. ಅದರ ಮೇಲೆ ಗಡುವು, ಗಿರಾಕಿ, ಲಾಭನಷ್ಟ ಬಂದು ಕೂತರೆ ಸುಸ್ತಾದಾಗ ಹೋಗಲು ಬೇರೆ ಜಾಗ ಉಳಿಯುವುದಿಲ್ಲ. ಪುಸ್ತಕದಿಂದ ನಾಲ್ಕು ಕಾಸು ಬಂದರೆ ಸಂತೋಷ. ಬಾರದಿದ್ದರೂ ಅದು ನಡೆಯುವಂತಿರಲಿ. ಇನ್ನು ಬೆಳಗಿನ ಜಾವದವರೆಗೆ ಪರದೆ ನೋಡುತ್ತ ಊಟ ಮರೆಯುವ ಅಭ್ಯಾಸವಿದ್ದರೆ, ಇದ್ದೇ ಇರುತ್ತದೆ, ಅದಕ್ಕೆ ಅಲಾರಂ ಇಡಿ. ಅಲಾರಂ ಹೊಡೆದಾಗ ಅರ್ಧದಲ್ಲಿ ನಿಲ್ಲಿಸಲು ಕಷ್ಟ, ಹಾಗಾಗಿ ಹತ್ತು ನಿಮಿಷ ಮೊದಲು ಒಂದು, ಆಮೇಲೆ ಒಂದು.

ಈ ಭಾಗ ನಿಮ್ಮ ತಂದೆಯವರಿಗೆ. ಸಾರ್, ಮಗ ಸುಮ್ಮನೆ ಕೂತಿಲ್ಲ. ಅಮೆರಿಕದ ಡೊನಾಲ್ಡ್ ಟ್ರಿಪ್ಲೆಟ್ ಎಂಬವರ ಬಗ್ಗೆ ನಿಮಗೆ ಹೇಳಬೇಕು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯ ಆಟಿಸಂ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದ ಮೊದಲ ಹುಡುಗ ಅವರು. ಮಿಸಿಸಿಪ್ಪಿಯ ಫಾರೆಸ್ಟ್ ಎಂಬ ಪುಟ್ಟ ಊರಿನಲ್ಲಿ ಬೆಳೆದು, ಅಲ್ಲಿಯ ಬ್ಯಾಂಕಿನಲ್ಲೇ ದಶಕಗಟ್ಟಲೆ ಕೆಲಸ ಮಾಡಿ, ಕಾರು ಓಡಿಸಿ, ಗಾಲ್ಫ್ ಆಡಿ, ದೇಶ ಸುತ್ತಿ 2023ರಲ್ಲಿ 89ನೇ ವಯಸ್ಸಿಗೆ ತೀರಿಕೊಂಡರು. ಬ್ಯಾಂಕಿನಲ್ಲಿ ಅವರ ಮನೆತನದ ಪಾಲಿತ್ತು, ಸಿರಿವಂತರು. ಅದನ್ನು ಬಿಟ್ಟು ಕಥೆ ಹೇಳಿದರೆ ಮೋಸವಾಗುತ್ತದೆ. ಆದರೆ ದುಡ್ಡಿಗಿಂತ ನನಗೆ ಮುಖ್ಯವಾಗಿ ಕಾಣುವುದು ಊರಿನವರು ಅವರನ್ನು ಅವರಂತೆಯೇ ಬಿಟ್ಟದ್ದು. ನಿಮಗೂ ತೋಟ ಎಂಬ ಆಸರೆ ಇದೆ. ಅದೇ ಬಲೆಯೂ ಆಗಬಹುದು. ಮಗ ತೋಟದ ಲೆಕ್ಕ ಬರೆದರೆ ಅದಕ್ಕೆ ತಿಂಗಳ ಸಂಬಳ ಅಂತ ಗೊತ್ತುಮಾಡಿ ಅವನ ಬ್ಯಾಂಕ್ ಖಾತೆಗೆ ಹಾಕಿ. ಮನೆಯ ಹುಡುಗ, ಊಟ ಹಾಕುತ್ತೇವಲ್ಲ ಅಂದುಕೊಂಡರೆ ನಲವತ್ತು ವರ್ಷವಾದಾಗಲೂ ಅವನ ಕೈಯಲ್ಲಿ ಅನುಭವದ ಒಂದು ಕಾಗದವೂ ಇರುವುದಿಲ್ಲ. ಮತ್ತೆ, ಹುತ್ತರಿಗೋ ಮದುವೆಗೋ ನೆಂಟರು ಸೇರಿದಾಗ "ಎಂತ ಮಾಡ್ತಾ ಇದ್ದಾನೆ?" ಎಂದು ಕೇಳಿದರೆ ಅವನ ಪರವಾಗಿ ನೀವೇ ಉತ್ತರ ಹೇಳಿ. ವಾಲಗ, ಪಟಾಕಿ, ಜನಜಂಗುಳಿ ತಡೆಯಲಾರದೆ ಅವನು ಬೇಗ ಹೊರಟರೆ ಅದು ಅಹಂಕಾರವಲ್ಲ.

ಮತ್ತೆ ನಿಮಗೆ. ಅಪ್ಪ ಅಮ್ಮ ಇಲ್ಲದ ಕಾಲದ ಚಿಂತೆಗೆ ಕಾಗದದ ಕೆಲಸವೇ ಉತ್ತರ, ಅದನ್ನು ಈಗಲೇ ಮಾಡಬಹುದು. ಯಾರಾದರೂ ನಿಮಗೊಬ್ಬ ಕಾನೂನು ಪಾಲಕರನ್ನು ನೇಮಿಸಿಬಿಡಿ ಎಂದು ಸಲಹೆ ಕೊಟ್ಟಾರು. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಲ್ಲಿ ಆಟಿಸಂ ಇರುವ ವಯಸ್ಕರಿಗೆ ಪಾಲಕರನ್ನು ನೇಮಿಸುವ ಅವಕಾಶ ಇರುವುದು ನಿಜ, ಜಿಲ್ಲಾಧಿಕಾರಿಗಳ ನೇತೃತ್ವದ ಸಮಿತಿ ಅದನ್ನು ಮಾಡುತ್ತದೆ. ಅದು ಅಗತ್ಯವಿದ್ದವರಿಗೆ. ನೀವು ನಿಮ್ಮ ನಿರ್ಧಾರ ನೀವೇ ಮಾಡಬಲ್ಲಿರಿ, ಖಾತೆ ನೀವೇ ನಡೆಸಬಲ್ಲಿರಿ. ವಿಕಲಚೇತನರಿಗೆ ಎಲ್ಲರಂತೆ ಕಾನೂನು ಸಾಮರ್ಥ್ಯ ಇದೆ ಎಂದು 2016ರ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಆಸ್ತಿ ವ್ಯವಹಾರ ಸಲೀಸಾಗಲಿ ಅಂತ ಆ ಸಾಮರ್ಥ್ಯವನ್ನು ಇನ್ನೊಬ್ಬರ ಕೈಗೆ ಕೊಡಬೇಡಿ. ಅದಕ್ಕಿಂತ ಅಪ್ಪ ಉಯಿಲು ಬರೆದು ನೋಂದಾಯಿಸಲಿ, ಅಕ್ಕನ ಎದುರಿಗೇ. ಜಮೀನಿನಲ್ಲಿ ಜಮ್ಮಾ ಬಾಣೆ, ಅಂದರೆ ಕೊಡಗಿನ ಹಳೆಯ ವಂಶಪಾರಂಪರ್ಯ ಹಿಡುವಳಿ, ಇದ್ದರೆ ಪಹಣಿಯಲ್ಲಿ ಯಾರ ಯಾರ ಹೆಸರಿದೆ ಎಂದು ಮಡಿಕೇರಿಯಲ್ಲೋ ಸೋಮವಾರಪೇಟೆಯಲ್ಲೋ ಕೊಡಗಿನ ಜಮೀನು ಬಲ್ಲ ವಕೀಲರಿಗೆ ತೋರಿಸಿ. ಬೇರೆ ಜಿಲ್ಲೆಯ ವಕೀಲರಿಗೆ ಇದು ಸುಲಭವಾಗಿ ತಲೆಗೆ ಹೋಗುವುದಿಲ್ಲ.

ಅಪ್ಪ ಸೈನಿಕರಾಗಿದ್ದವರು. ದುಡಿದು ಬದುಕಲಾಗದ ವಿಕಲಚೇತನ ಮಕ್ಕಳಿಗೆ ಜೀವನಪೂರ್ತಿ ಕುಟುಂಬ ಪಿಂಚಣಿ ಸಿಗುವ ನಿಯಮ ಸೇನೆಯಲ್ಲಿದೆ. ಆದಾಯದ ಮಿತಿ ಇದೆ, 2021ರಲ್ಲಿ ಅದನ್ನು ಸಡಿಲಿಸಲಾಯಿತು. ನೀವು ಚೆನ್ನಾಗಿ ದುಡಿಯುವಂತಾದರೆ ಇದು ನಿಮಗೆ ಬೇಕಾಗುವುದೂ ಇಲ್ಲ, ಸಿಗುವುದೂ ಇಲ್ಲ. ಆದರೂ ಅಪ್ಪ ಇರುವಾಗಲೇ ಅವರ ದಾಖಲೆಗಳಲ್ಲಿ ನಿಮ್ಮ ಹೆಸರು, ಅಂಗವೈಕಲ್ಯದ ವಿವರ ಸೇರಿಸಲು ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ಅವರು ಹೋದ ಮೇಲೆ ಇದೇ ಕಾಗದಕ್ಕೆ ಅಕ್ಕ ವರ್ಷಗಟ್ಟಲೆ ಅಲೆಯಬೇಕಾದೀತು. ರಾಷ್ಟ್ರೀಯ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕೊಡುತ್ತದೆ, ಅದಕ್ಕೂ ಅರ್ಜಿ ಹಾಕಿ.

ನಿದ್ದೆ ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡ ಅನ್ನಿಸಿದ ದಿನ ಬಂದರೆ ಮಳೆ ಲೆಕ್ಕ, ಕೆಲಸ ಎಲ್ಲ ಬದಿಗಿರಲಿ. 14416 ಟೆಲಿ ಮಾನಸ್‌ಗೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಫೋನಿನಲ್ಲಿ ಮಾತು ಹೊರಡುವುದಿಲ್ಲ ಅಂದರೆ ಅಕ್ಕನಿಗೆ ಒಂದು ಮೆಸೇಜ್ ಹಾಕಿ, ಅವಳು ಮಾಡಲಿ. ಆ ಮೆಸೇಜಿನಲ್ಲಿ ಏನಿರಬೇಕು ಎಂದು ಇಬ್ಬರೂ ಈಗಲೇ ಒಪ್ಪಿಕೊಂಡಿರಿ.

ಕೂಡ್ಲೂರಿಗೆ ಹೋಗುವುದಾದರೆ ಸೆಪ್ಟೆಂಬರಿನಲ್ಲಿ ಹೋಗಿ. ಅರೇಬಿಕಾ ಬರಲು ಇನ್ನೂ ಸಮಯವಿರುತ್ತದೆ, ಯಂತ್ರಗಳು ಬಹುಮಟ್ಟಿಗೆ ತಣ್ಣಗಿರುತ್ತವೆ, ಮಾಲೀಕರಿಗೆ ಕೂತು ಮಾತಾಡಲು ಪುರುಸೊತ್ತು ಇರುತ್ತದೆ. ಜನವರಿಯಲ್ಲಿ ಲಾರಿಗಳ ಸಾಲಿನ ನಡುವೆ ಹೋದರೆ "ಆಮೇಲೆ ಬನ್ನಿ" ಎಂಬ ಉತ್ತರವೇ ಸಿಗುವುದು. ಕೈಯಲ್ಲಿ ಆ ಹನ್ನೆರಡು ಪುಟಗಳ ಒಂದು ಜೆರಾಕ್ಸ್ ಪ್ರತಿ ಇರಲಿ, ಬಯೋಡೇಟಾದ ಮೇಲೆಯೇ ಇಡಿ.